ಜೋಕರ್ ಇದೆ, ಲೈಫ್ ಇಲ್ಲ

ರಮ್ಮಿಯಲ್ಲಿ ಕೆಟ್ಟ ಕೈ ಬಂದವನು ಹಾಳಾಗುವುದು ಅಪರೂಪ. ಹದಿಮೂರು ಎಲೆಯಲ್ಲಿ ಒಂದಕ್ಕೊಂದು ನಂಟಿಲ್ಲ, ಜೋಕರ್ ಇಲ್ಲ ಎಂದರೆ ನಿನ್ನೆ ಆಟ ಕಲಿತವನಿಗೂ ಏನು ಮಾಡಬೇಕೆಂದು ಗೊತ್ತು. ಎಲೆ ಮಡಚಿ ಕೆಳಗಿಟ್ಟು, ಇಪ್ಪತ್ತು ಕೌಂಟ್ ಬರೆಸಿಕೊಂಡು, ಎದ್ದು ಕಾಫಿ ಕುಡಿದು ಬರಬಹುದು. ತೀರ ಒಳ್ಳೆಯ ಕೈ ಬಂದವನಿಗೂ ತಲೆನೋವಿಲ್ಲ, ಅವನ ಎಲೆಗಳೇ ಅವನನ್ನು ನಡೆಸಿಕೊಂಡು ಹೋಗುತ್ತವೆ. ಆಟಗಾರನನ್ನು ಮುಳುಗಿಸುವುದು ಮೂರನೆಯ ಜಾತಿಯ ಕೈ. ರಾಜ ರಾಣಿಯರು ತುಂಬಿರುತ್ತಾರೆ, ಜೋಕರ್ ಒಂದಲ್ಲ ಎರಡು ಇರುತ್ತದೆ, ನೋಡಿದ ಕೂಡಲೇ ಮುಖ ಅರಳುತ್ತದೆ. ಆದರೆ ಅದಕ್ಕೆ ಲೈಫ್ ಇರುವುದಿಲ್ಲ. ಇಂಥ ಕೈಯನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು, ಹಿಡಿದರೆ ಎಷ್ಟು ಅಳುಕಿನಿಂದ ಹಿಡಿಯಬೇಕು ಎನ್ನುವುದರಲ್ಲೇ ರಮ್ಮಿ ವಿದ್ಯೆಯ ಮುಕ್ಕಾಲು ಪಾಲು ಇದೆ ಎಂದು ನನ್ನ ಅಂದಾಜು.

ನಂಜನಗೂಡು, ತಿ. ನರಸೀಪುರದ ಕಡೆ ಇಸ್ಪೀಟಿಗೆ ಎರಡು ಕಾಲ. ಒಂದು ಯುಗಾದಿಯ ಮಾರನೆಯ ದಿನದ ಹೊಸತೊಡಕು. ಬೆಳಿಗ್ಗೆ ಗುಡ್ಡೆ ಬಾಡು ಹಂಚಿಕೆ, ಮಧ್ಯಾಹ್ನ ಊಟ, ಊಟವಾದ ಮೇಲೆ ಅರಳಿಕಟ್ಟೆಯಲ್ಲೋ ತೆಂಗಿನ ತೋಟದ ನೆರಳಲ್ಲೋ ಟವೆಲ್ ಹಾಸಿ ಎಲೆ ಕಲೆಸುವುದು. ಅಲ್ಲಿ ಹೆಚ್ಚಾಗಿ ನಡೆಯುವುದು ಅಂದರ್ ಬಾಹರ್. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಷ್ಟೇ, ಅದರಲ್ಲಿ ವಿದ್ಯೆ ಏನೂ ಇಲ್ಲ. ದುಡ್ಡು ಮಾತ್ರ ಕೈ ಬದಲಾಯಿಸುತ್ತದೆ, ಅದರ ಬೆನ್ನಿಗೆ ಪೊಲೀಸ್ ಜೀಪೂ ಬರುತ್ತದೆ. ಇನ್ನೊಂದು ಕಾಲ ಮದುವೆಯ ಹಿಂದಿನ ರಾತ್ರಿ. ವರಪೂಜೆ ಮುಗಿದು, ಊಟವಾಗಿ, ಅಡುಗೆಯವರು ಮಾರನೆಯ ದಿನದ ಕುಂಬಳಕಾಯಿ ಹೆಚ್ಚುತ್ತಾ ಕೂತಿರುವಾಗ ಛತ್ರದ ಒಂದು ಮೂಲೆಯಲ್ಲಿ ಜಮಖಾನ ಬೀಳುತ್ತದೆ. ಅಲ್ಲಿ ಆಡುವುದು ರಮ್ಮಿ. ದುಡ್ಡಿನ ಮಾತಿಲ್ಲ. ಕೌಂಟ್ ಬರೆಯುವುದು ಲಗ್ನಪತ್ರಿಕೆಯ ಹಿಂಬದಿಯಲ್ಲಿ. ನಾನು ಹೇಳಹೊರಟಿರುವುದು ಈ ಆಟದ ವಿಷಯ.

ಅಲ್ಲಿ ನಾನು ನೋಡಿ ಮೆಚ್ಚಿದ ಆಟಗಾರರೊಬ್ಬರಿದ್ದಾರೆ. ತಿ. ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕಡೆ ಕೆಲಸ ಮಾಡಿ ನಿವೃತ್ತರಾದವರು. ನೆಂಟಸ್ತಿಕೆಯಲ್ಲಿ ನನಗೆ ದೊಡ್ಡಪ್ಪನಾಗಬೇಕು. ಅವರು ಗೆದ್ದ ಆಟಗಳಿಗಿಂತ ಆಡದೆ ಬಿಟ್ಟ ಆಟಗಳನ್ನು ನೋಡುವುದು ನನಗೆ ಹೆಚ್ಚು ಖುಷಿ.

ಆಟ ಗೊತ್ತಿಲ್ಲದವರಿಗೆ ನಿಯಮ ಇಷ್ಟು. ಎರಡು ಕಟ್ಟು ಎಲೆ, ಕಟ್ಟಿಗೊಂದರಂತೆ ಎರಡು ಅಚ್ಚಿನ ಜೋಕರ್, ಒಟ್ಟು 106. ಒಬ್ಬೊಬ್ಬರಿಗೆ ಹದಿಮೂರು ಎಲೆ ಹಂಚಿ, ಒಂದು ಎಲೆ ತಿರುಗಿಸಿ ಇಡುತ್ತಾರೆ. ಅದು ಆರು ಎಂದಾದರೆ ಆ ಆಟದಲ್ಲಿ ಆರುಗಳೆಲ್ಲ ಜೋಕರ್. ಎಸೆಯುವ ರಾಶಿಗೆ ಮೊದಲೆಂದು ಇನ್ನೊಂದು ಎಲೆ ತೆರೆದಿಡುತ್ತಾರೆ. ಸರದಿ ಬಂದಾಗ ಮುಚ್ಚಿದ ಕಟ್ಟಿನಿಂದ ಒಂದು ಎಲೆ ಎಳೆಯಬೇಕು, ಇಲ್ಲವೇ ಹಿಂದಿನವನು ಎಸೆದ ಎಲೆ ಎತ್ತಿಕೊಳ್ಳಬೇಕು. ಆಮೇಲೆ ಕೈಯಿಂದ ಒಂದು ಎಸೆಯಬೇಕು. ಹದಿಮೂರನ್ನೂ ಸಾಲು ಮತ್ತು ಸೆಟ್‌ಗಳಾಗಿ ಜೋಡಿಸಿದವನು ಶೋ ಮಾಡುತ್ತಾನೆ. ಒಂದೇ ಬಣ್ಣದಲ್ಲಿ ಏಳು, ಎಂಟು, ಒಂಬತ್ತು ಬಂದರೆ ಸಾಲು. ಬೇರೆ ಬೇರೆ ಬಣ್ಣದ ಮೂರು ರಾಜ ಬಂದರೆ ಸೆಟ್. ಆದರೆ ಕನಿಷ್ಠ ಎರಡು ಸಾಲು ಇರಲೇಬೇಕು, ಅವೆರಡರಲ್ಲಿ ಒಂದು ಜೋಕರ್ ಸೋಂಕದ ಶುದ್ಧ ಸಾಲಾಗಿರಬೇಕು. ಅದೇ ಲೈಫ್. ನಿಮಗೆ ಲೈಫ್ ಬರುವ ಮುಂಚೆ ಎದುರಿನವನು ಶೋ ಮಾಡಿದರೆ ನಿಮ್ಮ ಕೈಯಲ್ಲಿರುವ ಎಷ್ಟು ಚೆಂದದ ಸೆಟ್ಟೂ ಸೆಟ್ ಅಲ್ಲ, ಎಲ್ಲ ಎಲೆಯೂ ಬಿಡಿ ಬಿಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ ತಲಾ ಹತ್ತು, ಉಳಿದವಕ್ಕೆ ಮುಖಬೆಲೆ, ಜೋಕರ್‌ಗೆ ಸೊನ್ನೆ. ಎಷ್ಟೇ ಆದರೂ 80ಕ್ಕೆ ಮಿತಿ, ಅದು ಫುಲ್ ಕೌಂಟ್. ಮೊದಲ ಎಲೆ ಎಳೆಯುವ ಮುಂಚೆಯೇ ಬಿಟ್ಟರೆ ಸ್ಕೂಟ್, 20. ಎಳೆದ ಮೇಲೆ ನಡುವೆ ಬಿಟ್ಟರೆ ಮಿಡಲ್ ಸ್ಕೂಟ್, 40. ಕೌಂಟ್ 101 ಮುಟ್ಟಿದವನು ಆಟದಿಂದ ಹೊರಕ್ಕೆ.

ಇದರಲ್ಲಿ ಒಂದು ಕ್ರೂರ ಏರ್ಪಾಡಿದೆ, ಗಮನಿಸಿ. ಅಗ್ಗದ ಸ್ಕೂಟ್ ಸಿಗುವುದು ಒಂದೇ ಒಂದು ಎಲೆಯನ್ನೂ ಎಳೆಯದಿದ್ದಾಗ, ಅಂದರೆ ಕೈ ಅತ್ಯಂತ ಚೆಂದ ಕಾಣುವ ಹೊತ್ತಿನಲ್ಲಿ. ಆಸೆ ಹುಟ್ಟುವುದಕ್ಕೂ ಬಿಡುವುದು ಅಗ್ಗವಾಗಿರುವುದಕ್ಕೂ ಒಂದೇ ಗಳಿಗೆ. ಒಂದು ಸುತ್ತು ನೋಡೋಣ ಎಂದರೆ ಬೆಲೆ ದುಪ್ಪಟ್ಟು.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಒಂದು ರಾತ್ರಿ ನಂಜನಗೂಡಿನ ಛತ್ರವೊಂದರಲ್ಲಿ ಆರು ಜನ ಕೂತಿದ್ದರು, ತಿರುಗಿಸಿಟ್ಟ ಜೋಕರ್ ಆರು. ದೊಡ್ಡಪ್ಪನಿಗೆ ಬಿದ್ದದ್ದು ಇದು: ಅಚ್ಚಿನ ಜೋಕರ್ ಒಂದು, ಕಳಾವರ್ ಆರು, ಅಂದರೆ ಇನ್ನೊಂದು ಜೋಕರ್. ಆಟೀನ್, ಇಸ್ಪೀಟ್, ಕಳಾವರ್ ಮೂರರ ರಾಜರು. ಡೈಮಂಡ್ ರಾಣಿ, ಇಸ್ಪೀಟ್ ರಾಣಿ. ಆಟೀನ್ ಎಕ್ಕ, ಕಳಾವರ್ ಎಕ್ಕ. ಆಟೀನ್ ಎಂಟು, ಒಂಬತ್ತು. ಇಸ್ಪೀಟ್ ನಾಲ್ಕು, ಡೈಮಂಡ್ ಎರಡು.

ಅವರ ಬೆನ್ನ ಹಿಂದೆ ಕೂತು ನೋಡುತ್ತಿದ್ದ ಹುಡುಗ, ಅವರ ತಮ್ಮನ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು, ಉಸಿರು ಬಿಗಿ ಹಿಡಿದ. ಮೂರು ರಾಜರದು ಒಂದು ಸೆಟ್, ಎರಡು ರಾಣಿಗೆ ಒಂದು ಜೋಕರ್, ಎರಡು ಎಕ್ಕಕ್ಕೆ ಇನ್ನೊಂದು ಜೋಕರ್, ಒಂಬತ್ತು ಎಲೆ ಕೂತೇಬಿಟ್ಟಿತು ಎಂದು ಅವನ ಲೆಕ್ಕ. ದೊಡ್ಡಪ್ಪ ತೆರೆದಿದ್ದ ಎಲೆಯನ್ನು ನೋಡಿದರು, ಅದು ಕಳಾವರ್ ಮೂರು. ಸರದಿ ಬಂತು. ಎಲೆ ಮಡಚಿ ಕೆಳಗಿಟ್ಟು "ಸ್ಕೂಟು, ಬರ್ಕಳ್ರಪ್ಪ" ಎಂದರು.

"ಅಯ್ಯೋ ದೊಡ್ಡಪ್ಪ, ಎರಡು ಜೋಕರ್ ಇತ್ತಲ್ಲ!"

"ಇತ್ತು ಮೊಗ. ಲೈಫ್ ಎಲ್ಲದೆ, ತೋರ್ಸು."

ಹುಡುಗನ ಬಳಿ ಉತ್ತರವಿರಲಿಲ್ಲ. ಉತ್ತರ ಲೆಕ್ಕದಲ್ಲಿದೆ. ಜೋಕರ್ ಬಿಟ್ಟು ಆ ಕೈಯಲ್ಲಿದ್ದದ್ದು ಹತ್ತರ ಎಲೆ ಏಳು, 70. ಎಂಟು ಒಂಬತ್ತು ಸೇರಿ 17. ನಾಲ್ಕು, ಎರಡು ಸೇರಿ 6. ಒಟ್ಟು 93. ಮಿತಿ ಇರುವುದರಿಂದ 80 ಎಂದು ಬರೆಯುತ್ತಾರೆ ಅಷ್ಟೇ. ಅಂದರೆ ಆ ಕೈ ಫುಲ್ ಕೌಂಟ್‌ನ ಮೇಲೂ ಹದಿಮೂರು ಭಾರ ಹೊತ್ತು ಕೂತಿತ್ತು.

ಈಗ ಲೈಫ್ ಎಲ್ಲಿಂದ ಬರಬಹುದು ನೋಡಿ. ಆಟೀನ್ ಎಂಟು ಒಂಬತ್ತಕ್ಕೆ ಏಳು ಬಂದರೂ ಆಯಿತು, ಹತ್ತು ಬಂದರೂ ಆಯಿತು. ಎರಡು ಕಟ್ಟಾದ್ದರಿಂದ ತಲಾ ಎರಡು, ಒಟ್ಟು ನಾಲ್ಕು ಎಲೆ. ಇಸ್ಪೀಟ್ ರಾಜ ರಾಣಿಗೆ ಎಕ್ಕವೋ ಗುಲಾಮನೋ, ಅದೂ ನಾಲ್ಕು. ಆಟೀನ್ ಎಕ್ಕ ರಾಜರ ನಡುವೆ ಕೂರಲು ಆಟೀನ್ ರಾಣಿ ಎರಡು. ಕಳಾವರ್ ಎಕ್ಕ ರಾಜರಿಗೆ ಕಳಾವರ್ ರಾಣಿ ಎರಡು. ಹನ್ನೆರಡು ಎಲೆ. ತಿರುಗಿಸಿಟ್ಟ ಆರನ್ನು ಬಿಟ್ಟರೆ ಆಟದಲ್ಲಿರುವುದು 105, ತನ್ನ ಕೈ ಕಳೆದರೆ 92. ಮುಚ್ಚಿದ ಕಟ್ಟಿನಿಂದ ಒಂದು ಎಲೆ ಎಳೆದರೆ ಅದು ಈ ಹನ್ನೆರಡರಲ್ಲಿ ಒಂದಾಗುವ ಸಂಭವ ನೂರಕ್ಕೆ 13. ನಾಲ್ಕು ಸಲ ಎಳೆದರೆ ಸುಮಾರು 43, ಐದು ಸಲ ಎಳೆದರೆ 51. ಶೋ ಮಾಡುವ ಮಾತು ಹಾಗಿರಲಿ, ಬರೀ ಲೈಫ್ ಬರುವುದಕ್ಕೇ ಈ ಪಾಡು.

ಆ ನಾಲ್ಕೈದು ಸುತ್ತಾದರೂ ಸಿಗುತ್ತದೆಯೇ? ಆರು ಜನಕ್ಕೆ ಹಂಚಿದ ಎಲೆ 78. ಒಂದು ತೆರೆದಿಟ್ಟರೆ ಮುಚ್ಚಿದ ಕಟ್ಟಿನಲ್ಲಿ ಉಳಿಯುವುದು ಬರೀ 26. ಎಲ್ಲರೂ ಅಲ್ಲಿಂದಲೇ ಎಳೆದರೆ ನಾಲ್ಕು ಸುತ್ತಿಗೆ ಕಟ್ಟು ಮುಗಿಯಿತು. ಉಳಿದ 65 ಎಲೆ ಐದು ಜನರ ಕೈಯಲ್ಲಿವೆ. ಹನ್ನೆರಡು ಎಲೆಯಲ್ಲಿ ಎಂಟೋ ಒಂಬತ್ತೋ ಆಗಲೇ ಎದುರಿನವರ ಕೈಸೇರಿರುವ ಸಂಭವವೇ ಹೆಚ್ಚು. ಅವರು ಎಸೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರಲ್ಲೂ ನಿಮಗೆ ದಕ್ಕುವುದು ನಿಮ್ಮ ಹಿಂದಿನ ಸರದಿಯವನು ಎಸೆದದ್ದು ಮಾತ್ರ. ಮೇಲಾಗಿ ನೀವು ಒಂದು ಎಲೆ ನೋಡುವಷ್ಟರಲ್ಲಿ ಉಳಿದವರು ಐದು ನೋಡಿರುತ್ತಾರೆ.

ಇನ್ನೊಂದು ಬದಿಯ ಲೆಕ್ಕ ಕೌಂಟಿನದು. ಸೊನ್ನೆಯಲ್ಲಿರುವವನಿಗೆ ಐದು ಸ್ಕೂಟ್ ಇದೆ, ಐದು ಇಪ್ಪತ್ತಲಿ ನೂರು, ಇನ್ನೂ ಆಟದಲ್ಲೇ ಇರುತ್ತಾನೆ. ಒಂದು ಫುಲ್ ಕೌಂಟ್ ತಿಂದರೆ ಅದರಲ್ಲಿ ನಾಲ್ಕು ಒಂದೇ ಏಟಿಗೆ ಹೋಗುತ್ತದೆ. ಇಂಥ ಕೈಯನ್ನು ನಾಲ್ಕು ಸಲ ಆಡಿ ಮೂರು ಸಲ ಗೆದ್ದು ಒಂದು ಸಲ 80 ತಿಂದರೂ, ನಾಲ್ಕೂ ಸಲ ಸ್ಕೂಟ್ ಮಾಡಿದವನ ಸಮಕ್ಕೇ ಬಂದು ನಿಲ್ಲುತ್ತೀರಿ. ನೀವು ಗೆದ್ದಾಗ ಉಳಿದವರ ಕೌಂಟ್ ಏರುವ ಲಾಭ ಬೇರೆ ಇದೆ ಎನ್ನಿ, ಸೋತಾಗಲೆಲ್ಲ ಪೂರ್ತಿ 80 ಬೀಳುವುದೂ ಇಲ್ಲ. ಆದರೂ ಆರು ಜನರ ನಡುವೆ ಈ ಕೈ ಹಿಡಿದು ನಾಲ್ಕರಲ್ಲಿ ಮೂರು ಗೆಲ್ಲುತ್ತೇನೆ ಎನ್ನುವ ಧೈರ್ಯ ಯಾರಿಗಿದೆ? ದೊಡ್ಡಪ್ಪನಿಗಿಲ್ಲ. ಅವರು ಈ ಭಾಗಾಕಾರವನ್ನೆಲ್ಲ ಕಾಗದದ ಮೇಲೆ ಮಾಡಿದವರಲ್ಲ. ಆದರೆ ಅವರ ಬೆರಳುಗಳಿಗೆ ಅದು ಗೊತ್ತು.

ನಂಜನಗೂಡಿನ ಸೀಮೆಯವರಿಗೆ ಇಂಥ ಅಳುಕು ಹೊಸದಲ್ಲ. ರಸಬಾಳೆ ಬೆಳೆದವರನ್ನು ಕೇಳಿ. ಅಂಥ ಪರಿಮಳದ ಹಣ್ಣು ಇನ್ನೊಂದಿಲ್ಲ, ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ಆದರೆ ಪನಾಮ ಸೊರಗು ರೋಗ ಮಣ್ಣಿಗೆ ಬಂತೆಂದರೆ ಬುಡದಿಂದಲೇ ಹೋಗುತ್ತದೆ. ದೇವರಸನಹಳ್ಳಿಯ ಸುತ್ತ ಹಾಗೆ ಹೋದ ತೋಟಗಳೆಷ್ಟೋ. ಜಮೀನನ್ನೆಲ್ಲ ಅದಕ್ಕೇ ಕೊಡುವ ಧೈರ್ಯ ಈಗ ಯಾವ ಬುದ್ಧಿವಂತ ರೈತನೂ ಮಾಡುವುದಿಲ್ಲ.

ಈ ಅಳುಕನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಆಟ ಪೋಕರ್. ಅದರಲ್ಲಿ ಒಬ್ಬೊಬ್ಬರಿಗೆ ಎರಡು ಎಲೆ ಗುಟ್ಟಾಗಿ, ಐದು ಎಲೆ ಎಲ್ಲರಿಗೂ ಸೇರಿ ನಡುವೆ. ಮೊದಲ ಎರಡು ಎಲೆಯಲ್ಲಿ ಜೋಡಿ ಎಕ್ಕಕ್ಕಿಂತ ದೊಡ್ಡದು ಇಲ್ಲ. ಎದುರಿಗೆ ಒಬ್ಬನೇ ಯಾವುದೋ ಎರಡು ಎಲೆ ಹಿಡಿದು ಕೊನೆಯವರೆಗೂ ಬಂದರೆ ಜೋಡಿ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 85 ಸಲ. ಐದು ಜನ ಬಂದರೆ? ಸುಮಾರು 49. ಎಲೆ ಅದೇ, ಬಲವೂ ಅದೇ, ಎದುರಾಳಿಗಳ ಲೆಕ್ಕ ಬದಲಾಯಿತು ಅಷ್ಟೇ. ಒಬ್ಬೊಬ್ಬನೂ ಸೋಲುವ ಪೈಕಿಯೇ, ಆದರೆ ಐವರಲ್ಲಿ ಯಾರಾದರೊಬ್ಬನಿಗೆ ನಡುವಿನ ಎಲೆ ಕೂಡಿಬಂದರೆ ಸಾಕು. ನಡುವೆ ಒಂದೇ ಬಣ್ಣದ ಮೂರು ಎಲೆಯೋ, ಒಂಬತ್ತು, ಹತ್ತು, ಗುಲಾಮನಂಥ ಸಾಲೋ ಬಿದ್ದ ಕೂಡಲೇ ಅನುಭವಸ್ಥ ಪೋಕರ್ ಆಟಗಾರ ತನ್ನ ಎಕ್ಕಗಳನ್ನು ಅನುಮಾನದಿಂದ ನೋಡಲು ಶುರುಮಾಡುತ್ತಾನೆ. ಪಣ ಏರಿಸುವುದನ್ನು ನಿಲ್ಲಿಸುತ್ತಾನೆ. ಕಡಿಮೆ ಖರ್ಚಿನಲ್ಲಿ ಕೊನೆಯ ಎಲೆಯವರೆಗೆ ಹೋಗಲು ನೋಡುತ್ತಾನೆ. ಎದುರಿನವನು ಜೋರಾಗಿ ಪಣ ಒಡ್ಡಿದರೆ ಎಕ್ಕಗಳನ್ನೇ ಮಡಚಿಡುತ್ತಾನೆ. ಜೋಡಿ ಎಕ್ಕ ಮಡಚುವುದು ಎಷ್ಟು ಸಂಕಟ ಎಂಬುದು ಮಡಚಿದವನಿಗೇ ಗೊತ್ತು.

ಆದರೆ ಪೋಕರ್ ಆಟಗಾರನಿಗಿರುವ ಒಂದು ಆಯುಧ ರಮ್ಮಿಯವನಿಗಿಲ್ಲ. ಅವನು ಮೊದಲ ಸುತ್ತಿನಲ್ಲೇ ಪಣ ಏರಿಸಿ ಮೂರು ನಾಲ್ಕು ಜನರನ್ನು ಹೆದರಿಸಿ ಓಡಿಸಬಹುದು, ಐದರ ಲೆಕ್ಕವನ್ನು ಒಂದಕ್ಕೆ ಇಳಿಸಬಹುದು. ರಮ್ಮಿಯಲ್ಲಿ ಬೇರೆಯವರನ್ನು ಏಳಿಸುವ ಉಪಾಯವೇ ಇಲ್ಲ. ಏಳುವುದಿದ್ದರೆ ನೀವೇ ಏಳಬೇಕು. ಅದಕ್ಕೇ ರಮ್ಮಿಯ ಎಚ್ಚರಿಕೆ ಪೋಕರಿನದಕ್ಕಿಂತ ಒಂದು ತೂಕ ಹೆಚ್ಚೇ ಇರಬೇಕು ಎನ್ನುವುದು ನನ್ನ ವಾದ. ಪೋಕರ್ ಪ್ರಿಯರು ಒಪ್ಪಲಾರರು.

ಇರಲಿ. ಬಿಡುವುದು ವಿದ್ಯೆಯ ಅರ್ಧ. ಅದೇ ಕೈಯನ್ನು ಆಡಲೇಬೇಕಾಗಿ ಬಂದರೆ? ದೊಡ್ಡಪ್ಪನ ಆಟದ ನಯ ಕಾಣುವುದು ಅಲ್ಲಿ.

ಮೊದಲ ಎಸೆತ ಯಾವುದು? ಹುಡುಗನನ್ನು ಕೇಳಿದರೆ ಇಸ್ಪೀಟ್ ನಾಲ್ಕು ಅಥವಾ ಡೈಮಂಡ್ ಎರಡು ಎನ್ನುತ್ತಾನೆ. ಅವೆರಡೂ ಯಾವುದರ ಜೊತೆಯೂ ಕೂರದ ಎಲೆಗಳು, ಕಣ್ಣಿಗೆ ಕಸದ ಹಾಗೆ ಕಾಣುತ್ತವೆ. ಆದರೆ ಅವು ಕೈಯಲ್ಲಿ ಉಳಿದರೆ ತೂಗುವುದು ಆರೇ ಆರು ಕೌಂಟ್. ಹೊರಹೋಗಬೇಕಾದದ್ದು ಡೈಮಂಡ್ ರಾಣಿ. ಅವಳಿಗೆ ಸಾಲಿನ ನಂಟಿಲ್ಲ. ಇನ್ನೊಂದು ರಾಣಿಯ ಜೊತೆ ಜೋಡಿಯಾಗಿ ಕಾಣುತ್ತಾಳೆ ನಿಜ, ಆದರೆ ಲೈಫ್ ಬರುವವರೆಗೆ ಸೆಟ್ ಎನ್ನುವುದು ಬರೀ ನೋಟಕ್ಕೆ. ಹತ್ತು ಕೌಂಟ್ ಹೊತ್ತು ಕೂತವಳನ್ನು ಮೊದಲು ಕಳಿಸಬೇಕು. ಜೋಡಿ ಒಡೆಯಲು ಮನಸ್ಸು ಬಾರದಿರುವುದೇ ಹೊಸಬರ ರೋಗ.

ಆಮೇಲೆ ಎಕ್ಕಗಳು. ಇಲ್ಲಿ ಇಕ್ಕಟ್ಟಿದೆ. ಒಂದೊಂದು ಎಕ್ಕವೂ ತನ್ನ ಬಣ್ಣದ ರಾಜನ ಜೊತೆ ಎರಡೆರಡು ಎಲೆಗೆ ಕಾಯುತ್ತಿದೆ. ಎಸೆದರೆ ಹತ್ತು ಕೌಂಟ್ ಇಳಿಯುತ್ತದೆ, ಹನ್ನೆರಡು ಆಸೆಯಲ್ಲಿ ಎರಡು ಕಡಿಮೆಯಾಗುತ್ತದೆ. ದೊಡ್ಡಪ್ಪ ಇಂಥಲ್ಲಿ ಎರಡು ಬಾಯಿಯ ಜೋಡಿಯನ್ನು ಉಳಿಸಿಕೊಂಡು ಒಂದು ಬಾಯಿಯ ಜೋಡಿಯನ್ನು ಬಿಡುತ್ತಾರೆ. ಎಂಟು ಒಂಬತ್ತಕ್ಕೆ ಎರಡೂ ಕಡೆ ಬಾಗಿಲು ತೆರೆದಿದೆ, ಇಸ್ಪೀಟ್ ರಾಜ ರಾಣಿಗೂ ಅಷ್ಟೇ. ಎಕ್ಕ ರಾಜರ ಜೋಡಿಗೆ ನಡುವಿನ ರಾಣಿ ಒಬ್ಬಳೇ ಗತಿ. ಹಾಗಾಗಿ ಕಳಾವರ್ ಎಕ್ಕ, ಆಟೀನ್ ಎಕ್ಕ ಒಂದಾದ ಮೇಲೊಂದು ಹೋಗುತ್ತವೆ. ಕಾಯುವ ಎಲೆ ಎಂಟಕ್ಕೆ ಇಳಿದರೂ ಕೈ ಮೂವತ್ತು ಕೌಂಟ್ ಹಗುರವಾಗಿರುತ್ತದೆ.

ಕೌಂಟನ್ನು ನಲವತ್ತರೊಳಗೆ ತರುವುದು ಅವರ ಗುರಿ. ಅದರ ಹಿಂದಿನ ತರ್ಕ ಸರಳ. ಮಿಡಲ್ ಸ್ಕೂಟಿನ ಬೆಲೆ 40. ಕೈಯಲ್ಲಿರುವುದೇ 35 ಎಂದಾದರೆ ಲೈಫ್ ಇಲ್ಲದಿದ್ದರೂ ಏಳುವುದರಲ್ಲಿ ಅರ್ಥವಿಲ್ಲ, ಸೋತರೂ 35 ತಾನೇ. ನಲವತ್ತರ ಕೆಳಗಿಳಿದ ಮೇಲೆ ಹೆದರಿಕೆ ಹೋಗುತ್ತದೆ, ಕೂತು ಕಾಯಬಹುದು. ಆದರೆ 93ರಿಂದ ಅಲ್ಲಿಗೆ ಇಳಿಯಲು ಆರು ಹತ್ತರ ಎಲೆ ಎಸೆದರೂ ಸಾಲದು, ಎಳೆದುಕೊಂಡ ಎಲೆಗಳ ಕೌಂಟ್ ಬೇರೆ ಸೇರುತ್ತದೆಯಲ್ಲ. ಅಷ್ಟು ಸುತ್ತು ಆಟ ನಿಲ್ಲುವುದೂ ಇಲ್ಲ. ಈ ಕೈಯ ಬಡತನ ಇಲ್ಲಿದೆ, ಅದರ ಸಿರಿವಂತಿಕೆಯೇ ಅದರ ಭಾರ.

ಹಾಗೆಂದು ಇದು ಸತ್ತ ಕೈಯೂ ಅಲ್ಲ. ಮೊದಲ ಎಳೆತಕ್ಕೇ ಆಟೀನ್ ಹತ್ತು ಬಂತೆನ್ನಿ, ಡೈಮಂಡ್ ರಾಣಿಯನ್ನು ಎಸೆದಿರಿ. ಎಂಟು, ಒಂಬತ್ತು, ಹತ್ತು ಲೈಫ್. ಕೂಡಲೇ ಇಸ್ಪೀಟ್ ರಾಜ ರಾಣಿಗೆ ಅಚ್ಚಿನ ಜೋಕರ್ ಸೇರಿ ಎರಡನೆಯ ಸಾಲು. ಆಟೀನ್ ರಾಜ, ಕಳಾವರ್ ರಾಜ, ಕಳಾವರ್ ಆರು ಸೇರಿ ಸೆಟ್. ಹೊರಗುಳಿದದ್ದು ಎರಡು ಎಕ್ಕ, ಒಂದು ನಾಲ್ಕು, ಒಂದು ಎರಡು. ಕೌಂಟ್ 26. ಒಂದೇ ಎಲೆಯಲ್ಲಿ 93 ಇದ್ದದ್ದು 26 ಆಯಿತು. ಬಲವಾದ ಆದರೆ ಆಧಾರವಿಲ್ಲದ ಕೈ ಎಂದರೆ ಹೀಗೆ, ಒಂದು ಎಲೆಯ ಅಂತರದಲ್ಲಿ ಸ್ವರ್ಗ ನರಕ ಎರಡೂ. ಹುಡುಗರಿಗೆ ಕಾಣುವುದು 26, ದೊಡ್ಡಪ್ಪನಿಗೆ ಕಾಣುವುದು 93.

ಈ ಕೈ ಹಿಡಿದು ಆಡುವಾಗ ಅವರ ಕಣ್ಣು ತಮ್ಮ ಎಲೆಗಳ ಮೇಲೆ ಇರುವುದೇ ಇಲ್ಲ. ಯಾರು ಏನು ಎಸೆದರು, ಯಾರು ಏನು ಎತ್ತಿಕೊಂಡರು ಎಂಬುದಷ್ಟೇ ನೋಟ. ಆಟೀನ್ ಏಳು ಒಂದು ನೆಲಕ್ಕೆ ಬಿದ್ದು ಅದರ ಮೇಲೆ ಇನ್ನೊಂದು ಎಲೆ ಕೂತಿತೆಂದರೆ ನಾಲ್ಕು ಬಾಗಿಲಲ್ಲಿ ಒಂದು ಮುಚ್ಚಿತು. ಯಾರೋ ಆಟೀನ್ ಗುಲಾಮನನ್ನು ಎತ್ತಿಕೊಂಡರೆ ಹತ್ತರ ಆಸೆಯೂ ಅರ್ಧ ಬಿಡಬೇಕು, ಅವನ ಸಾಲಿಗೂ ಅದೇ ಹತ್ತು ಬೇಕಾಗಿರಬಹುದು. ಎರಡು ಕಟ್ಟಿನ ಆಟದಲ್ಲಿ ಪ್ರತಿ ಎಲೆಗೂ ಒಂದು ಅವಳಿ ಇದೆ ಎಂಬುದನ್ನು ಅವರು ಮರೆಯುವುದಿಲ್ಲ. ಮೊದಲನೆಯದು ಬಿದ್ದಾಗ ಎಡಗೈಯ ಹೆಬ್ಬೆರಳು ಬೆರಳ ಗಿಣ್ಣಿನ ಮೇಲೆ ಒಂದು ಮನೆ ಸರಿಯುತ್ತದೆ. ಕಾರ್ಖಾನೆಯಲ್ಲಿ ಎಳೆ ಕಡಿದಾಗ ಬಿಸಿನೀರಿನಲ್ಲಿ ಗೂಡಿನ ತುದಿ ಹುಡುಕುತ್ತಿದ್ದ ಬೆರಳುಗಳಲ್ಲವೇ, ಸಣ್ಣದನ್ನು ಬಿಡುವುದಿಲ್ಲ ಎಂದುಕೊಳ್ಳುತ್ತೇನೆ.

ತೆರೆದ ಎಲೆ ಎತ್ತಿಕೊಳ್ಳುವುದರಲ್ಲೂ ಅವರು ಜಿಪುಣರು. ಎತ್ತಿಕೊಂಡರೆ ಐದು ಜನಕ್ಕೂ ಸುದ್ದಿ ಹೋಗುತ್ತದೆ. ಲೈಫ್ ಆಗುವುದಾದರೆ ಮಾತ್ರ ಎತ್ತಬೇಕು, ಸೆಟ್ಟಿಗೆಂದು ಎತ್ತಬಾರದು. ಕೂರುವ ಜಾಗದ ವಿಷಯದಲ್ಲೂ ಒಂದು ಚಪಲ ಉಂಟು. ತಮಗಿಂತ ಮುಂಚಿನ ಸರದಿಗೆ ಧಾರಾಳಿಯೊಬ್ಬ, ದೊಡ್ಡ ದೊಡ್ಡ ಎಲೆಗಳನ್ನು ಮೊದಲ ಸುತ್ತಿನಲ್ಲೇ ಸುರಿಯುವವನು, ಕೂರಲಿ ಎಂದು ನೋಡುತ್ತಾರೆ. ಸೊಂಟ ನೋವು, ಗೋಡೆ ಬೇಕು ಎಂದು ನೆವ ಹೇಳಿ ಜಾಗ ಬದಲಾಯಿಸುವುದನ್ನು ನಾನೇ ನೋಡಿದ್ದೇನೆ.

ರಮ್ಮಿ ಜೂಜೋ ಕೌಶಲವೋ ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ 1968ರಲ್ಲೇ ಸುಪ್ರೀಂ ಕೋರ್ಟ್ ಇದು ಮುಖ್ಯವಾಗಿ ಕೌಶಲದ ಆಟ ಎಂದಿತು. ಕೊಟ್ಟ ಕಾರಣ ದೊಡ್ಡಪ್ಪನ ಆಟವನ್ನು ನೋಡಿ ಬರೆದಂತಿದೆ: ಬಿದ್ದ ಎಲೆಗಳ ನೆನಪು ಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಎಸೆಯಬೇಕು ಎಂಬ ಜಾಣತನ ಬೇಕು. ಮೂರೆಲೆಯಾಟವನ್ನು ಮಾತ್ರ ಅದೇ ತೀರ್ಪು ಬರೀ ಅದೃಷ್ಟದ ಸಾಲಿಗೆ ತಳ್ಳಿತು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್‌ನಲ್ಲಿ ಪಣ ಕಟ್ಟಿ ಆಡುವುದನ್ನು, ಕೌಶಲದ ಆಟಗಳನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾಯ್ದೆ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲ ಅದೃಷ್ಟ ಎಂಬ ಭೇದವಿಲ್ಲದೆ, ನಿಷೇಧಿಸಿತು. ನನಗೇನೂ ಬೇಸರವಿಲ್ಲ. ಫೋನಿನ ರಮ್ಮಿಯಲ್ಲಿ ಸ್ಕೂಟ್ ಮಾಡಿ ಕಾಫಿಗೆ ಏಳುವಷ್ಟು ಪುರುಸೊತ್ತು ಇರಲಿಲ್ಲ, ಒಂದು ಆಟ ಬಿಟ್ಟರೆ ತಕ್ಷಣ ಇನ್ನೊಂದು ಬಾಯಿ ತೆರೆದು ನಿಲ್ಲುತ್ತಿತ್ತು. ಕಾಯುವುದನ್ನೇ ಕಿತ್ತುಹಾಕಿದ ಮೇಲೆ ಅದರಲ್ಲಿ ಕೌಶಲಕ್ಕೆ ಎಷ್ಟು ಜಾಗ?

ಮೈಸೂರು ಸೀಮೆಗೆ ಎಲೆಯಾಟದ ಗೌರವವೇನೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು, ಯಾರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ನಂಜನಗೂಡಿನ ಮಹಾಗೋಪುರ ಕಟ್ಟಿಸಿದರೋ ಅವರು, ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಜಾತಿಯ ಆಟಗಳನ್ನು ಬಗೆಬಗೆಯಾಗಿ ನಿರೂಪಿಸಿದ್ದಾರೆ. ಅತಿ ದೊಡ್ಡದಕ್ಕೆ 360 ಎಲೆ. 1831ರಲ್ಲಿ ಆಡಳಿತವನ್ನು ಬ್ರಿಟಿಷರು ಕಿತ್ತುಕೊಂಡ ಮೇಲೂ ಮೂರು ದಶಕಕ್ಕೂ ಹೆಚ್ಚು ಕಾಲ ಹೆಸರಿಗೆ ರಾಜರಾಗಿ ಉಳಿದವರು ಅವರು. ಕೈತುಂಬ ರಾಜ ರಾಣಿಯರಿದ್ದೂ ಆಟ ಕೈಯಲ್ಲಿಲ್ಲದ ಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಮತ್ತೆ ಛತ್ರಕ್ಕೆ ಬಂದರೆ, ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡುವ ಒಂದು ಸಂದರ್ಭ ಉಳಿದಿದೆ. ಅದೇ ಕಂಪಲ್ಸರಿ. ಕೌಂಟ್ 80ರಲ್ಲಿರುವವನಿಗೆ ಇನ್ನೂ ಒಂದು ಸ್ಕೂಟ್ ಉಂಟು, ನೂರಾಗುತ್ತದೆ. 81 ಆಯಿತೋ, ಸ್ಕೂಟ್ ಮಾಡಿದರೆ 101, ಆಟ ಮುಗಿಯಿತು. ಅಲ್ಲಿಂದ ಮುಂದೆ ಎಂಥ ಕೈ ಬಂದರೂ ಆಡಲೇಬೇಕು. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೂರು ಜನ ಉಳಿದಿದ್ದರು, ದೊಡ್ಡಪ್ಪ 84ರಲ್ಲಿದ್ದರು. ಬಂದ ಕೈ ಹೆಚ್ಚುಕಡಿಮೆ ಮೊದಲಿನ ತರದ್ದೇ: ಜೋಕರ್ ಉಂಟು, ಮುಖದ ಎಲೆಗಳು ಉಂಟು, ಲೈಫ್ ಇಲ್ಲ. ಹುಡುಗ ಅವರ ಮುಖ ನೋಡಿದ. ಅವರು ಮುಚ್ಚಿದ ಕಟ್ಟಿಗೆ ಕೈ ಹಾಕಿದರು.

"ಈಗ್ಯಾಕ್ ಆಡ್ತೀರಿ ದೊಡ್ಡಪ್ಪ?"

"ಬುಟ್ರೂ ಸಾಯ್ತೀನಿ, ಆಡುದ್ರೂ ಸಾಯ್ಬೋದು. ಬೋದು ಅಂತ ಇರೋ ಕಡೀಕೆ ಹೋಗ್ಬೇಕು ಮೊಗ."

ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮೂರು ಜನರ ಆಟದಲ್ಲಿ ಹಂಚುವುದು 39 ಎಲೆ. ಮುಚ್ಚಿದ ಕಟ್ಟಿನಲ್ಲಿ 65 ಉಳಿಯುತ್ತದೆ, ಎದುರಿನ ಇಬ್ಬರ ಕೈಯಲ್ಲಿ ಬರೀ 26. ಆರು ಜನರಿದ್ದಾಗಿನ ಲೆಕ್ಕ ಸರಿಯಾಗಿ ತಿರುಗುಮುರುಗು. ಒಂದು ಎಳೆತಕ್ಕೆ ಬೇಕಾದ ಎಲೆ ಬರುವ ಸಂಭವ ಬದಲಾಗಲಿಲ್ಲ ನಿಜ. ಆದರೆ ಕಾಯುವ ಎಲೆಗಳಲ್ಲಿ ಹೆಚ್ಚಿನವು ಈಗ ಎದುರಿನವರ ಮುಷ್ಟಿಯಲ್ಲಿಲ್ಲ, ಕಟ್ಟಿನಲ್ಲೇ ಇವೆ. ಕಟ್ಟು ಇಪ್ಪತ್ತಕ್ಕೂ ಹೆಚ್ಚು ಸುತ್ತು ಬರುತ್ತದೆ. ಒಂದು ಎಲೆ ನೀವು ನೋಡುವಷ್ಟರಲ್ಲಿ ಉಳಿದವರು ನೋಡುವುದು ಎರಡೇ. ಆರು ಜನರಲ್ಲಿ ಬಿಡಬೇಕಾದ ಕೈ ಮೂವರಲ್ಲಿ ಆಡಬಹುದಾದ ಕೈ. ಪೋಕರಿನ ಜೋಡಿ ಎಕ್ಕದ ಕಥೆಯೂ ಇದೇ ತಾನೇ.

ಕಂಪಲ್ಸರಿಯಲ್ಲಿ ಎಸೆತದ ಕ್ರಮವೂ ಬದಲಾಗುತ್ತದೆ. 84ಕ್ಕೆ ಇನ್ನು 17 ಸೇರಿದರೆ ಮುಗಿಯಿತು. ಹತ್ತರ ಎಲೆ ಎರಡು ಕೈಯಲ್ಲಿ ಉಳಿದರೂ ಅಷ್ಟೇ, ಏಳು ಉಳಿದರೂ ಅಷ್ಟೇ. ಹಾಗಾಗಿ ಭಾರ ಇಳಿಸುವ ಉಸಾಬರಿಯನ್ನು ದೊಡ್ಡಪ್ಪ ಕೈಬಿಟ್ಟರು. ಮೊದಲ ಆಟದಲ್ಲಿ ಮೊದಲು ಹೋಗಬೇಕಾಗಿದ್ದಂಥ ಎಕ್ಕಗಳು ಈಗ ಕೊನೆಯವರೆಗೂ ಕೂತವು, ಯಾಕೆಂದರೆ ಪ್ರತಿ ಎಕ್ಕದ ಹಿಂದೆ ಲೈಫಿನ ಎರಡು ಬಾಗಿಲಿವೆ. ಹೊರಹೋದದ್ದು ನಾಲ್ಕು, ಎರಡರಂಥ ಪುಡಿ ಎಲೆಗಳು, ಮೊದಲ ಕೈಯಲ್ಲಿ ಹುಡುಗ ಎಸೆಯುತ್ತಿದ್ದನಲ್ಲ, ಅಂಥವೇ. ಹುಡುಗ ಅದನ್ನು ಗಮನಿಸಿ ಏನೋ ಹೇಳಲು ಬಾಯಿ ತೆರೆದ. ದೊಡ್ಡಪ್ಪ ತಿರುಗದೆಯೇ "ಕೌಂಟ್ ನೋಡ್ಕಂಡು ಮಾತಾಡು" ಎಂದರು.